ಮದ್ರಾಸ್ ಇಂಗ್ಲಿಷಿನಲ್ಲಿ ಚೂರುಪಾರಿನ ಪದಗಳು

ಚೂರುಪಾರಿನ ಪದಗಳು ಎಂದರೆ ಲೆಕ್ಕಕ್ಕೆ ಸಿಗದಷ್ಟು ಸಣ್ಣದಾದ, ಇಲ್ಲವೇ ಒಂದೆಡೆ ಗುಡ್ಡೆಯಾಗದೆ ಅಲ್ಲೊಂದು ಇಲ್ಲೊಂದು ಎಂಬಂತೆ ಚೆದುರಿರುವ ಪ್ರಮಾಣವನ್ನು ಹೇಳುವ ಮಾತುಗಳು. ಕನ್ನಡದಲ್ಲಿ ತುಸು, ಕೊಂಚ, ಚೂರು, ಚಿಟಿಕೆ, ಹನಿ, ರವಷ್ಟು, ಅಷ್ಟಿಷ್ಟು, ಅಲ್ಪಸ್ವಲ್ಪ ಮುಂತಾದವು ಈ ಗುಂಪಿನವು. ಇಂಗ್ಲಿಷಿನಲ್ಲಿ ಬಿಟ್, ಪಿಂಚ್, ಡ್ಯಾಶ್, ಸ್ಕ್ರ್ಯಾಪ್, ಟ್ರೇಸ್, ಸ್ಮಿಜನ್, ಸ್ಮ್ಯಾಟರಿಂಗ್, ಸ್ಪ್ರಿಂಕ್ಲಿಂಗ್ ಮುಂತಾದವು. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಮದ್ರಾಸಿನ ನೆಲ ದೊರೆತಂದಿನಿಂದ ಈ ಇಂಗ್ಲಿಷ್ ಪದಗಳು ತಮಿಳು, ತೆಲುಗು, ಕನ್ನಡಗಳ ನಡುವೆ ಬಾಳಿದ ಬಗೆ ಈ ಲೇಖನದ ವಿಷಯ. ಇವುಗಳ ಚರಿತ್ರೆಯಲ್ಲಿ ಒಂದು ಓಡಾಟ ಎದ್ದು ಕಾಣುತ್ತದೆ. ಖಚಿತವಾದ ಅಳತೆಯ ಹೆಸರು ಕಾಲಾಂತರದಲ್ಲಿ ಸುಮ್ಮನೆ ‘ಸ್ವಲ್ಪ’ ಎಂಬ ಅರ್ಥಕ್ಕೆ ಇಳಿಯುತ್ತದೆ. ‘ಸ್ವಲ್ಪ’ ಎಂಬ ಮಾತನ್ನು ಯಾರೋ ಹಿಡಿದು ಅಳತೆಯನ್ನಾಗಿ ಮಾಡುತ್ತಾರೆ. ಮದ್ರಾಸಿನಲ್ಲಿ ಎರಡೂ ನಡೆದಿವೆ: ನಾಣ್ಯದಲ್ಲಿ, ಧಾನ್ಯದಲ್ಲಿ, ನೆಲದಲ್ಲಿ, ಮಳೆಯಲ್ಲಿ ಕೂಡ.

ಇಂಗ್ಲಿಷಿನ ಪದಗಳು

ಈ ಪದಗಳನ್ನು ಸಿಕ್ಕಸಿಕ್ಕ ವಸ್ತುವಿಗೆ ಹಚ್ಚಲು ಬರುವುದಿಲ್ಲ. ಒಂದೊಂದಕ್ಕೂ ಜತೆಗಾರ ಪದ ಗೊತ್ತಾಗಿದೆ. ಉಪ್ಪಿಗೆ ಪಿಂಚ್, ಸೋಡಾಕ್ಕೆ ಡ್ಯಾಶ್, ಸತ್ಯಕ್ಕೆ ಗ್ರೇನ್, ಸಾಕ್ಷ್ಯಕ್ಕೆ ಶ್ರೆಡ್, ಕಾಗದಕ್ಕೆ ಸ್ಕ್ರ್ಯಾಪ್, ಸಮಾಧಾನಕ್ಕೆ ಕ್ರಂಬ್, ವಿಷಕ್ಕೆ ಟ್ರೇಸ್. ಸ್ಮ್ಯಾಟರಿಂಗ್ ಎಂಬುದು ಮೊದಲಿಗೆ ಅರೆಬರೆ ತಿಳಿವಳಿಕೆಗೆ ಮೀಸಲಾಗಿದ್ದ ಮಾತು. ನಾಲ್ಕು ಮಾತು ತಮಿಳು ಬಲ್ಲವನಿಗೆ ತಮಿಳಿನ ಸ್ಮ್ಯಾಟರಿಂಗ್ ಇದೆ ಎನ್ನುತ್ತಿದ್ದರು. ಈಗ ಅದು ಸಭೆಯಲ್ಲಿ ಅಲ್ಲಲ್ಲಿ ಕುಳಿತ ಜನಕ್ಕೂ, ಅಲ್ಲಲ್ಲಿ ಕೇಳಿಬಂದ ಚಪ್ಪಾಳೆಗೂ ಸಲ್ಲುತ್ತದೆ. ಸ್ಪ್ರಿಂಕ್ಲಿಂಗ್ ಮೇಲಿಂದ ಉದುರಿಸಿದ ಹಾಗೆ ತೆಳ್ಳಗೆ ಹರಡಿಕೊಂಡದ್ದನ್ನು ಹೇಳಿದರೆ, ಆಡ್ಸ್ ಅಂಡ್ ಎಂಡ್ಸ್ ಒಂದಕ್ಕೊಂದು ಹೊಂದದ ಅಳಿದುಳಿದ ಸಾಮಾನನ್ನು ಹೇಳುತ್ತದೆ. ಡ್ರಿಬ್ಸ್ ಅಂಡ್ ಡ್ರ್ಯಾಬ್ಸ್ ಎಂಬುದರಲ್ಲಿ ಚೆದುರುವುದು ಜಾಗದಲ್ಲಲ್ಲ, ಕಾಲದಲ್ಲಿ. ಕೊಡಬೇಕಾದ ಸಾಲವನ್ನು ಇಂದಿಷ್ಟು ನಾಳೆಯಿಷ್ಟು ಎಂದು ಸತಾಯಿಸಿ ಕೊಡುವವನಿಗೆ ಆ ಮಾತು ಸರಿಯಾಗಿ ಕೂರುತ್ತದೆ.

ಇವುಗಳಲ್ಲಿ ಹಲವು ಒಂದು ಕಾಲಕ್ಕೆ ಅಳತೆಯ ಹೆಸರುಗಳೇ. ಮೈಟ್ ಎಂಬುದು ಫ್ಲ್ಯಾಂಡರ್ಸಿನ ಸಣ್ಣ ನಾಣ್ಯ. ಬೈಬಲ್ಲಿನ ಬಡ ವಿಧವೆಯ ಕಾಣಿಕೆಯ ಕಥೆಯಿಂದ ಮನೆಮಾತಾಯಿತು. ಅಯೋಟ ಗ್ರೀಕ್ ವರ್ಣಮಾಲೆಯ ಅತಿ ಚಿಕ್ಕ ಅಕ್ಷರ. ಜಾಟ್ ಅದರದೇ ಸವೆದ ರೂಪ. ಸ್ಕ್ರೂಪಲ್ ಎಂದರೆ ಲ್ಯಾಟಿನ್ನಿನಲ್ಲಿ ಹರಳು. ಔಷಧಿ ತೂಗುವವರ ಲೆಕ್ಕದಲ್ಲಿ 20 ಗ್ರೇನಿಗೆ ಒಂದು ಸ್ಕ್ರೂಪಲ್, 3 ಸ್ಕ್ರೂಪಲಿಗೆ ಒಂದು ಡ್ರಾಮ್, 8 ಡ್ರಾಮಿಗೆ ಒಂದು ಔನ್ಸ್. ಚಪ್ಪಲಿಯಲ್ಲಿ ಸೇರಿಕೊಂಡು ಚುಚ್ಚುವ ಆ ಹರಳೇ ಮುಂದೆ ಮನಸ್ಸಾಕ್ಷಿಯ ಚುಚ್ಚುವಿಕೆಯ ಹೆಸರೂ ಆಯಿತು. ತದ್ವಿರುದ್ಧವಾದದ್ದು ಅಮೆರಿಕದ ಅಡುಗೆಮನೆಯಲ್ಲಿ ನಡೆಯಿತು. ಅಲ್ಲಿ ಮಾರುವ ಪುಟ್ಟ ಅಳತೆ ಚಮಚಗಳಲ್ಲಿ ಡ್ಯಾಶ್ ಎಂದರೆ ಟೀ ಚಮಚದ 1/8, ಪಿಂಚ್ ಎಂದರೆ 1/16, ಸ್ಮಿಜನ್ ಎಂದರೆ 1/32. ಬೆರಳ ತುದಿಯ ಅಂದಾಜಿಗೆ ಉಕ್ಕಿನ ಚಮಚ ಬಂದದ್ದು ಹೀಗೆ. ಉಪ್ಪು ಹಾಕುವ ಕೈ ಇದರಿಂದ ಸುಧಾರಿಸಿತೆಂದು ನಂಬುವುದು ಕಷ್ಟ.

ನಾಣ್ಯ: ಪಗೋಡ, ಫನಮ್, ಕ್ಯಾಶ್

ಕಂಪನಿಯ ಮದ್ರಾಸ್ ಲೆಕ್ಕಪುಸ್ತಕಗಳಲ್ಲಿ ಮೊತ್ತವನ್ನು ಪಗೋಡ, ಫನಮ್, ಕ್ಯಾಶ್ ಎಂಬ ಮೂರು ಅಂಕಣಗಳಲ್ಲಿ ಬರೆಯುತ್ತಿದ್ದರು. 80 ಕ್ಯಾಶಿಗೆ ಒಂದು ಫನಮ್, 42 ಫನಮ್ಮಿಗೆ ಒಂದು ಸ್ಟಾರ್ ಪಗೋಡ. ಅಂದರೆ ಪಗೋಡ ಒಂದಕ್ಕೆ 3,360 ಕ್ಯಾಶ್. ಪಗೋಡ ಎಂದರೆ ನಮ್ಮ ವರಹ. ಫನಮ್ ನಮ್ಮ ಹಣ, ತಮಿಳಿನ ಪಣಂ. ಕ್ಯಾಶ್ ನಮ್ಮ ಕಾಸು.

ಇಲ್ಲೊಂದು ಕಾಕತಾಳೀಯವಿದೆ. ಇಂಗ್ಲಿಷಿನಲ್ಲಿ ಇಂದು ನಗದು ಎಂಬರ್ಥದ ಕ್ಯಾಶ್ ನಮ್ಮ ಕಾಸಿನಿಂದ ಹುಟ್ಟಿದ್ದಲ್ಲ. ಅದು ಫ್ರೆಂಚಿನ ಕೆಸ್ ಎಂಬ, ಹಣದ ಪೆಟ್ಟಿಗೆಯನ್ನು ಸೂಚಿಸುವ ಪದದಿಂದ ಬಂದದ್ದು. ಮದ್ರಾಸಿನ ತಾಮ್ರದ ನಾಣ್ಯ ಕ್ಯಾಶ್ ಆದದ್ದು ಕಾಸು ಪೋರ್ಚುಗೀಸರ ಬಾಯಲ್ಲಿ ಕೈಶ ಆಗಿ, ಅಲ್ಲಿಂದ ಇಂಗ್ಲಿಷಿಗೆ ದಾಟಿದ್ದರಿಂದ. ಎರಡು ಬೇರೆ ಪದಗಳು ಒಂದೇ ಕಾಗುಣಿತದಲ್ಲಿ ಬಂದು ಕೂತವು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರ ‘ಹಾಬ್ಸನ್ ಜಾಬ್ಸನ್’ ಎಂಬ ಹೆಸರಾಂತ ಪದಕೋಶ 1886ರಲ್ಲಿ ಹೊರಬಂದಾಗ ಕ್ಯಾಶ್, ಫನಮ್, ಡಬ್, ವಿಸ್, ಮರ್ಕಲ್ ಇವೆಲ್ಲಕ್ಕೂ ಅದರಲ್ಲಿ ಜಾಗ ಸಿಕ್ಕಿತು. ಬರ್ನೆಲ್ ಮದ್ರಾಸ್ ಪ್ರಾಂತದ ನ್ಯಾಯಾಧೀಶರು. ತಂಜಾವೂರಿನಲ್ಲಷ್ಟೇ ಅಲ್ಲ, ನಮ್ಮ ಮಂಗಳೂರಿನಲ್ಲೂ ಕೆಲಸ ಮಾಡಿದವರು. ಪುಸ್ತಕ ಅಚ್ಚಾಗುವುದನ್ನು ನೋಡದೆ 1882ರಲ್ಲಿ ತೀರಿಕೊಂಡರು.

ಕಂಪನಿಯವರು 1803ರಲ್ಲೂ 1808ರಲ್ಲೂ ಮದ್ರಾಸಿಗೆಂದು ಕ್ಯಾಶ್ ನಾಣ್ಯಗಳನ್ನು ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ, ಆವಿ ಯಂತ್ರದ ಬಲದಿಂದ ಅಚ್ಚು ಹೊಡೆಸಿದರು. 20 ಕ್ಯಾಶ್ ನಾಣ್ಯದ ಮೇಲೆ ರೋಮನ್ ಅಂಕಿಯ ಜತೆಗೆ, ಇಪ್ಪತ್ತು ಕಾಸಿಗೆ ನಾಲ್ಕು ಫಲೂಸ್ ಎಂದು ಪರ್ಷಿಯನ್ನಿನಲ್ಲಿ ಬರೆದಿದೆ. 1808ರ ನಾಣ್ಯಗಳ ಒಂದು ದೊಡ್ಡ ರಾಶಿ ಮದ್ರಾಸ್ ಮುಟ್ಟಲೇ ಇಲ್ಲ. ಅದನ್ನು ಹೊತ್ತ ‘ಅಡ್ಮಿರಲ್ ಗಾರ್ಡನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕೆಂಟ್ ಕರಾವಳಿಯ ಗುಡ್‌ವಿನ್ ಮರಳದಿಣ್ಣೆಗೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ಆ ಕಾಸುಗಳನ್ನು ರಾಶಿಗಟ್ಟಲೆ ಮೇಲೆತ್ತಿದರು. ಮದ್ರಾಸಿನ ಬೀದಿಯಲ್ಲಿ ಸೊಪ್ಪಿಗೋ ಎಲೆಯಡಿಕೆಗೋ ಖರ್ಚಾಗಬೇಕಿದ್ದ ಕಾಸುಗಳು ಈಗ ಸಂಗ್ರಹಕಾರರ ಕೈಯಲ್ಲಿವೆ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳು ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಮಾತಾಡುತ್ತವೆ. ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ, ಇಂಗ್ಲಿಷಿನಲ್ಲಿ ಕ್ಯಾಶ್ ಎಂದೂ ಬೆಲೆ ಕೊರೆದಿದೆ. ಇನ್ನು ಹಣದ ಮಾತು. ಕಂಠೀರವ ನರಸರಾಜ ಒಡೆಯರು 17ನೆಯ ಶತಮಾನದಲ್ಲಿ ಹೊರಡಿಸಿದ ಕಂಠೀರಾಯ ಹಣ ಚಿನ್ನದ್ದಾದರೂ ಬೇಳೆಕಾಳಿಗಿಂತ ಚಿಕ್ಕದು. ತೂಕ ಅರ್ಧ ಗ್ರಾಮ್ ಕೂಡ ಇಲ್ಲ. ಬೆರಳಿನಿಂದ ಎಣಿಸಹೋದರೆ ಉಗುರಿನ ಸಂದಿಗೆ ಸೇರಿಕೊಳ್ಳುವ ನಾಣ್ಯ. ತಿರುವಾಂಕೂರಿನಲ್ಲಿ ಇಂಥದೇ ಪುಟ್ಟ ಚಕ್ರಂ ನಾಣ್ಯವನ್ನು ಎಣಿಸಲು ಮರದ ಹಲಗೆ ಇತ್ತು. ಸಾಲುಸಾಲಾಗಿ ಕುಳಿ ಕೊರೆದ ಹಲಗೆಯ ಮೇಲೆ ಒಂದು ಹಿಡಿ ನಾಣ್ಯ ಸುರಿದು ಅಲ್ಲಾಡಿಸಿದರೆ ಕುಳಿಗೊಂದರಂತೆ ಕೂರುತ್ತಿತ್ತು, ಉಳಿದದ್ದು ಜಾರಿಹೋಗುತ್ತಿತ್ತು. ಚೆಲ್ಲಾಪಿಲ್ಲಿಯಾಗುವ ಸಣ್ಣದನ್ನು ಲೆಕ್ಕಕ್ಕೆ ತರಲು ದಕ್ಷಿಣದವರು ಕಂಡುಕೊಂಡ ಉಪಾಯಗಳಲ್ಲಿ ಇಷ್ಟು ಚೊಕ್ಕಟವಾದದ್ದು ಇನ್ನೊಂದಿಲ್ಲ.

1818ರಲ್ಲಿ ರೂಪಾಯಿಯೇ ಪ್ರಾಂತದ ಅಧಿಕೃತ ನಾಣ್ಯವಾಯಿತು; ಪಗೋಡಕ್ಕೆ ಮೂರೂವರೆ ರೂಪಾಯಿಯ ದರ ಗೊತ್ತಾಯಿತು. ನಾಣ್ಯ ಹೋದರೂ ಹೆಸರು ಉಳಿದ ರೀತಿ ಸ್ವಾರಸ್ಯಕರವಾಗಿದೆ. ಹಣ, ದುಡ್ಡು, ಕಾಸು ಈ ಮೂರೂ ಸಣ್ಣ ನಾಣ್ಯಗಳ ಹೆಸರುಗಳು. ಇಂದು ಮೂರಕ್ಕೂ ಐಶ್ವರ್ಯ ಎಂಬಷ್ಟು ಅಗಲದ ಅರ್ಥ ಬಂದಿದೆ. ತಮಿಳಿನಲ್ಲಿ ಪಣಂ, ತುಟ್ಟು, ಕಾಸು ಇವುಗಳ ಕಥೆಯೂ ಅದೇ. ಇನ್ನೊಂದು ಕವಲಿನಲ್ಲಿ ಅವೇ ಪದಗಳು ಕುಗ್ಗಿ ಕುಗ್ಗಿ ಏನೂ ಇಲ್ಲ ಎಂಬುದರ ಅಂಚಿಗೆ ಬಂದಿವೆ. ಚಿಕ್ಕಾಸೂ ಇಲ್ಲ, ಬಿಡಿಗಾಸೂ ಬಿಚ್ಚಲ್ಲ, ಕವಡೆ ಕಾಸಿನ ಕಿಮ್ಮತ್ತಿಲ್ಲ, ಪುಡಿಗಾಸಿಗೆ ದುಡಿಯುತ್ತಾನೆ. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ 30ರ ತರುವಾಯ ಚಲಾವಣೆಯಲ್ಲೇ ಇಲ್ಲ. ಆದರೂ ನಾಲ್ಕಾಣೆ ಬೆಲೆಯ ಮಾತು, ಹದಿನಾರಾಣೆ ಸತ್ಯ ಎಂಬ ನುಡಿಗಳು ಆಣೆಯನ್ನೇ ಕಾಣದವರ ಬಾಯಲ್ಲೂ ಓಡಾಡುತ್ತಿವೆ.

ಅಳತೆ, ತೂಕ, ನೆಲ

ತಮಿಳಿನ ಹಳೆಯ ಲೆಕ್ಕದಲ್ಲಿ ಭಿನ್ನರಾಶಿಗಳಿಗೆ ಸ್ವಂತ ಹೆಸರುಗಳಿವೆ. ಕಾಲ್, ಅರೈ, ಮುಕ್ಕಾಲ್ ನಮ್ಮವೇ. ಅವುಗಳ ಕೆಳಗೆ ವೀಸಂ 1/16, ಮಾ 1/20, ಕಾಣಿ 1/80, ಮುಂದಿರಿ 1/320. ಕನ್ನಡದ ಲೆಕ್ಕ ನಾಲ್ಕುನಾಲ್ಕಾಗಿ ಒಡೆಯುತ್ತ ಹೋಗುತ್ತದೆ: ಕಾಲು 1/4, ವೀಸ 1/16, ಕಾಣಿ 1/64. ಹೀಗಾಗಿ ಒಂದೇ ಕಾಣಿ ತಮಿಳಿನಲ್ಲಿ ಇನ್ನೂ ಸಣ್ಣದು. ಶಾಸನಗಳಲ್ಲಿ ಹಾಗ, ವೀಸ, ಕಾಣಿಗಳ ಲೆಕ್ಕ ಬರುತ್ತದೆ. ಕೂಲಿಮಠದ ಹುಡುಗರು ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನು ಬಾಯಿಪಾಠ ಮಾಡುತ್ತಿದ್ದರು. ಅಮೆರಿಕದ ಚಮಚದ ಪಿಂಚ್ ಹದಿನಾರರಲ್ಲೊಂದು. ನಮ್ಮ ವೀಸವೂ ಹದಿನಾರರಲ್ಲೊಂದು.

ಮದ್ರಾಸಿನ ಸರ್ಕಾರಿ ಅಳತೆಪಟ್ಟಿಗಳಲ್ಲಿ ಸ್ಥಳೀಯ ಹೆಸರುಗಳೇ ಇಂಗ್ಲಿಷ್ ವೇಷ ತೊಟ್ಟು ನಿಂತವು. 3 ತೊಲಕ್ಕೆ ಒಂದು ಪಲಂ, 8 ಪಲಂಗೆ ಒಂದು ಸೇರು, 5 ಸೇರಿಗೆ ಒಂದು ವಿಸ್, 8 ವಿಸ್ಸಿಗೆ ಒಂದು ಮಣ, 20 ಮಣಕ್ಕೆ ಒಂದು ಕ್ಯಾಂಡಿ. ಧಾನ್ಯದ ಅಳತೆಯಲ್ಲಿ 8 ಆಲಕ್ ಸೇರಿ ಒಂದು ಮೆಷರ್, 8 ಮೆಷರ್ ಸೇರಿ ಒಂದು ಮರ್ಕಲ್. ಆಲಕ್ ಎಂದರೆ ತಮಿಳಿನ ಆಳಾಕ್ಕು, ಮೆಷರ್ ಎಂದರೆ ಪಡಿ, ಮರ್ಕಲ್ ಎಂದರೆ ಮರಕ್ಕಾಲ್. ತೂಕದ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಮ್. ಕನ್ನಡ ಮನೆಗಳಲ್ಲಿ ಇದೇ ಜಾಗದಲ್ಲಿ ಪಾವು, ಅಚ್ಚೇರು, ಸೇರು, ಚಟಾಕು ಇದ್ದವು. ಇಂದಿಗೂ ಎಷ್ಟೋ ಮನೆಗಳಲ್ಲಿ ಅನ್ನಕ್ಕೆ ಅಕ್ಕಿ ಪಾವಿನಲ್ಲೇ ಬೀಳುತ್ತದೆ.

1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1957ರ ಏಪ್ರಿಲ್ 1ರಿಂದ ನಯಾಪೈಸೆಯೂ, 1958ರಿಂದ ಹಂತಹಂತವಾಗಿ ಕಿಲೋ ಲೀಟರುಗಳೂ ಚಾಲ್ತಿಗೆ ಬಂದವು. ಅಂಗಡಿಯ ತಕ್ಕಡಿ ಬದಲಾಯಿತು. ಹೂವಿನ ಬುಟ್ಟಿ ಬದಲಾಗಲಿಲ್ಲ. ಮೈಲಾಪುರದ ಕಪಾಲೀಶ್ವರ ದೇವಾಲಯದ ಸುತ್ತ ಕುಳಿತ ಹೂವಾಡಗಿತ್ತಿಯರು ಮಲ್ಲಿಗೆಯನ್ನು ಈಗಲೂ ಮುಳಂ ಲೆಕ್ಕದಲ್ಲೇ ಕೊಡುತ್ತಾರೆ. ಮುಳಂ ಎಂದರೆ ನಮ್ಮ ಮೊಳ, ಮೊಣಕೈಯಿಂದ ಬೆರಳ ತುದಿಯವರೆಗೆ. ದಂಡೆಯ ಒಂದು ತುದಿಯನ್ನು ಬೆರಳ ಸಂದಿಯಲ್ಲಿ ಹಿಡಿದು, ಮೊಣಕೈಗೆ ತಂದು, ಅಲ್ಲಿ ನಾರು ಕತ್ತರಿಸಿ, ಎಲೆಯಲ್ಲಿ ಸುತ್ತಿ ಕೈಗಿಡುತ್ತಾರೆ. ಕೊಳ್ಳುವವರು ಗಿಡ್ಡ ಕೈಯ ಹೂವಾಡಗಿತ್ತಿಯ ಹತ್ತಿರ ಚೌಕಾಸಿ ಮಾಡುವುದು ಬೆಲೆಗಲ್ಲ, ಇನ್ನೆರಡು ಬೆರಳಿನಷ್ಟು ದಂಡೆಗೆ. ಬೆಂಗಳೂರಿನಲ್ಲಿ ಮೊಳದ ಜತೆಗೆ ಮಾರು ಕೂಡ ಇದೆ. ಎರಡು ಕೈ ಚಾಚಿದ ಅಗಲ. ಕಾಯಿದೆ ಈ ಕೈಗಳಿಗೆ ಮುದ್ರೆ ಒತ್ತಲು ಹೋಗಲಿಲ್ಲ.

ಅಳತೆ ಮುಗಿದ ಮೇಲೆ ಬೀಳುವ ಚೂರಿಗೂ ಹೆಸರಿದೆ. ತರಕಾರಿ ಕೊಂಡಾದ ಮೇಲೆ ಮಾರುವವರು ಮೇಲಿಂದ ಹಾಕುವ ನಾಲ್ಕು ಎಸಳು ಕರಿಬೇವು, ಒಂದು ಎಳೆ ಕೊತ್ತಂಬರಿ ಕನ್ನಡದಲ್ಲಿ ಕೊಸರು, ತಮಿಳಿನಲ್ಲಿ ಕೊಸುರು. 1996ರಲ್ಲಿ ಸಗಟು ಮಾರುಕಟ್ಟೆ ಕೊತ್ತವಾಲ್ ಚಾವಡಿಯಿಂದ ಕೋಯಂಬೇಡಿಗೆ ಹೋಯಿತು, ಕೊಸರು ಬೀದಿಬೀದಿಯ ಗಾಡಿಗಳಲ್ಲೇ ಉಳಿಯಿತು. ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರದ್ದು ಅಮೆರಿಕದ ಲೂಯಿಸಿಯಾನದವರ ಲ್ಯಾನ್ಯಾಪ್. ಚೆನ್ನೈನ ಇಂಗ್ಲಿಷ್ ಅದನ್ನು ತರಿಸಿಕೊಳ್ಳಲಿಲ್ಲ. ಕೊಸರು ಇರುವಾಗ ಅದರ ಅಗತ್ಯವೂ ಬೀಳಲಿಲ್ಲ.

ನೆಲದ ಅಳತೆಯಲ್ಲಿ ಕಥೆ ತಿರುಗುತ್ತದೆ. ಇಲ್ಲಿ ಇಂಗ್ಲಿಷ್ ಪದಗಳು ಸ್ಥಳೀಯ ಅಳತೆಗಳಾದವು. ಚೆನ್ನೈನಲ್ಲಿ ಮನೆ ನಿವೇಶನವನ್ನು ಗ್ರೌಂಡ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಒಂದು ಗ್ರೌಂಡ್ ಎಂದರೆ 2,400 ಚದರಡಿ. 24 ಗ್ರೌಂಡಿಗೆ ಒಂದು ಕಾಣಿ, ಸುಮಾರು 1.32 ಎಕರೆ. ನೆಲ ಎಂಬ ಗೊತ್ತುಗುರಿಯಿಲ್ಲದ ಮಾತು ಇಲ್ಲಿ ಮೊಹರು ಬಿದ್ದ ಅಳತೆಯಾಗಿದೆ. ಎಕರೆಯ ನೂರರಲ್ಲೊಂದು ಪಾಲು ಸೆಂಟ್, 435.6 ಚದರಡಿ. ಕನ್ನಡಿಗರಿಗೆ ಇದು ಮುಖ್ಯ. ಹಳೆಯ ಮೈಸೂರಿನ ರೈತ ಗುಂಟೆಯಲ್ಲಿ ಮಾತಾಡುತ್ತಾನೆ. 40 ಗುಂಟೆಗೆ ಒಂದು ಎಕರೆ. ಮಂಗಳೂರು, ಉಡುಪಿ, ಕಾಸರಗೋಡಿನವರು ಐದು ಸೆಂಟ್ಸ್ ಜಾಗ ಎನ್ನುತ್ತಾರೆ. ಬಳ್ಳಾರಿಯ ಪಹಣಿಯಲ್ಲೂ ಸೆಂಟ್ಸ್ ಉಂಟು. ಬಳ್ಳಾರಿ 1953ರವರೆಗೂ, ದಕ್ಷಿಣ ಕನ್ನಡ ಜಿಲ್ಲೆ 1956ರವರೆಗೂ ಮದ್ರಾಸಿಗೆ ಸೇರಿದ್ದುದರ ಗುರುತು ಇದು. 1862ರಲ್ಲೇ ಮುಂಬಯಿಗೆ ಹೋದ ಉತ್ತರ ಕನ್ನಡದಲ್ಲಿ ಗುಂಟೆಯೇ ನಡೆಯುತ್ತದೆ. ಗಡಿಗಳು ಬದಲಾಗಿ ಅರ್ಧ ಶತಮಾನ ಕಳೆದರೂ ಹಳೆಯ ಪ್ರಾಂತದ ಮೇರೆಯನ್ನು ಈ ಒಂದು ಪದ ಹಿಡಿದು ಗೆರೆ ಎಳೆಯಬಹುದು.

ನಿಘಂಟುಗಳು

ಕನ್ನಡ ನಿಘಂಟಿಗೂ ಮದ್ರಾಸಿಗೂ ಹಳೆಯ ನಂಟು. ಎಫ್. ಡಬ್ಲ್ಯು. ಎಲ್ಲಿಸ್ ಅವರ ಮುಂದಾಳತ್ವದಲ್ಲಿ 1812ರಲ್ಲಿ ಆರಂಭವಾದ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಮುದ್ರಣಾಲಯದಲ್ಲಿ ಮೆಕೆರೆಲ್ ಅವರ ಕನ್ನಡ ವ್ಯಾಕರಣ 1820ರಲ್ಲಿಯೂ, ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರಲ್ಲಿಯೂ, ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿಯೂ ಅಚ್ಚಾದವು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಹೊರಬಂದರೂ, ಅದರ ಪರಿಷ್ಕೃತ ಆವೃತ್ತಿಯನ್ನು ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ನಾಲ್ಕು ಸಂಪುಟಗಳಲ್ಲಿ 1968ರಿಂದ 1971ರವರೆಗೆ ಪ್ರಕಟಿಸಿದ್ದು ಮದ್ರಾಸ್ ವಿಶ್ವವಿದ್ಯಾನಿಲಯ. ದ್ವಿಭಾಷಾ ನಿಘಂಟುಗಳಿಗೆ ಈ ಚೂರುಪಾರಿನ ಪದಗಳು ಸದಾ ತಲೆನೋವು. ತುಸು, ಕೊಂಚ, ಇನಿತು, ಕಿಂಚಿತ್, ಚೂರು ಎಲ್ಲಕ್ಕೂ ‘ಎ ಲಿಟಲ್’ ಎಂದು ಬರೆದು ಮುಂದೆ ಸಾಗಬೇಕಾಗುತ್ತದೆ. ಅರ್ಥ ಕೊಟ್ಟರಷ್ಟೇ ಸಾಲದು, ಜತೆಗಾರ ಪದವನ್ನೂ ಕೊಡಬೇಕು. ಬೆಲ್ಲಕ್ಕೆ ಚೂರು, ತುಪ್ಪಕ್ಕೆ ಹನಿ ಅಥವಾ ಮಿಳ್ಳೆ, ಅರಿಶಿನಕ್ಕೆ ಚಿಟಿಕೆ, ಬಿಸಿಲಿಗೆ ಎಳೆ, ಅನುಮಾನಕ್ಕೆ ಎಳ್ಳು. ಚಿಟಿಕೆ ತುಪ್ಪ ಎಂದು ಬರೆದವನಿಗೆ ಅಡುಗೆಯೂ ಗೊತ್ತಿಲ್ಲ, ಭಾಷೆಯೂ ಗೊತ್ತಿಲ್ಲ.

ಅಂಗಡಿ ಬೀದಿಯ ಇಂಗ್ಲಿಷ್

ಇಂದಿನ ಚೆನ್ನೈನಲ್ಲಿ ಸ್ಮಿಜನ್, ಸ್ಮ್ಯಾಟರಿಂಗ್‌ಗಳು ಪತ್ರಿಕೆಯ ಅಂಕಣ ಬಿಟ್ಟು ಕೆಳಗಿಳಿಯುವುದಿಲ್ಲ. ಬೀದಿಯಲ್ಲಿ ಆಳುವುದು ಬಿಟ್ ಮತ್ತು ಪೀಸ್. ಟಿ. ನಗರದ ಬಟ್ಟೆ ಅಂಗಡಿಯಲ್ಲಿ ರವಿಕೆಯ ಬಟ್ಟೆ ಬ್ಲೌಸ್ ಬಿಟ್ ಅಥವಾ ಜಾಕೆಟ್ ಬಿಟ್. ಬೆಂಗಳೂರಿಗೆ ಬಂದರೆ ಅದೇ ಬ್ಲೌಸ್ ಪೀಸ್. ನಮ್ಮ ಅಜ್ಜಿಯರಿಗೆ ರವಿಕೆ ಕಣ. ಗೋಡೆಗೆ ಅಂಟಿಸುವ ಪೋಸ್ಟರಿನ ಎದುರು ಕೈಗೆ ಹಂಚುವ ಕರಪತ್ರ ಬಿಟ್ ನೋಟೀಸ್. ಪರೀಕ್ಷೆಯ ಕೋಣೆಗೆ ತೋಳಿನ ಮಡಿಕೆಯಲ್ಲಿ ಒಯ್ಯುವ ಚೀಟಿಯೂ ಬಿಟ್. ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ದಶಕಗಳಲ್ಲಿ ಬಳಕೆಯಲ್ಲಿದ್ದ ಸಿನಿಮಾ ಮಂದಿಯ ಮಾತು ಬಿಟ್ ಸಾಂಗ್: ಪೂರ್ತಿ ಹಾಡಲ್ಲ, ಪಲ್ಲವಿಯಷ್ಟೋ ನಾಲ್ಕು ಸಾಲಿನಷ್ಟೋ ಬಂದು ಹೋಗುವಂಥದ್ದು. ಇಂಗ್ಲಿಷಿನಲ್ಲಿ ಬಿಟ್ ಎಂದರೆ ಎಷ್ಟು ಬೇಕಾದರೂ ಸಣ್ಣದು. ಚೆನ್ನೈನಲ್ಲಿ ಅದು ಕತ್ತರಿಸಿ ತೆಗೆದ, ಕೈಯಲ್ಲಿ ಹಿಡಿಯಬಹುದಾದ ವಸ್ತು.

ಲೂಸ್ ಎಂದರೆ ಪೊಟ್ಟಣ ಕಟ್ಟದ್ದು: ಲೂಸ್ ಎಣ್ಣೆ, ಲೂಸ್ ಟೀಪುಡಿ. ಚೇಂಜ್ ಎಂದರೆ ಚಿಲ್ಲರೆ. ಚಿಲ್ಲರೆಯ ತಮಿಳು ರೂಪ ಸಿಲ್ಲರೈ ಬಸ್ಸಿನಲ್ಲಿ ದಿನಕ್ಕೆ ಎಷ್ಟು ಸಲ ಕೇಳುತ್ತದೆಂಬುದನ್ನು ಕಂಡಕ್ಟರರೇ ಹೇಳಬೇಕು. ಕನ್ನಡದಲ್ಲಿ ಚಿಲ್ಲರೆ ವ್ಯಾಪಾರವೂ ಉಂಟು, ಚಿಲ್ಲರೆ ಬುದ್ಧಿಯೂ ಉಂಟು. ಇಂಗ್ಲಿಷಿನ ರೀಟೇಲ್ ಕೂಡ ಮೂಲದಲ್ಲಿ ತುಂಡು ಕತ್ತರಿಸುವುದೇ. ಮೂಲೆಯ ಸಣ್ಣ ಅಂಗಡಿ ತಮಿಳಿನಲ್ಲಿ ಪೆಟ್ಟಿಕಡೈ, ಪೆಟ್ಟಿಗೆಯಂಥ ಅಂಗಡಿ, ನಮ್ಮ ಗೂಡಂಗಡಿ. ಮದ್ರಾಸಿನ ಇಂಗ್ಲಿಷಿನಲ್ಲಿ ಅದು ಪೆಟ್ಟಿ ಶಾಪ್. ಕ್ಷುಲ್ಲಕ ಎಂಬರ್ಥದ ಇಂಗ್ಲಿಷಿನ ಪೆಟ್ಟಿಗೂ ತಮಿಳಿನ ಪೆಟ್ಟಿಗೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಅಂಗಡಿಯ ಗಾತ್ರ ಮಾತ್ರ ಎರಡಕ್ಕೂ ಒಪ್ಪುತ್ತದೆ.

ಆ ಪೆಟ್ಟಿ ಅಂಗಡಿಯ ಮುಂದೆ ಸರವಾಗಿ ತೂಗುವ ಶಾಂಪೂ ಸ್ಯಾಷೆ ಈ ಊರಿನ ಸುತ್ತಲ ನಾಡು ಭಾರತಕ್ಕೆ ಕೊಟ್ಟ ಅಲ್ಪಪ್ರಮಾಣ. ಕಡಲೂರಿನ ಚಿನ್ನಿ ಕೃಷ್ಣನ್ ಅವರು ದುಬಾರಿ ಬಾಟಲಿಯ ಶಾಂಪೂವನ್ನು ಕೂಲಿಕಾರನೂ ಕೊಳ್ಳುವಂತೆ ಪುಟ್ಟ ಪೊಟ್ಟಣಕ್ಕೆ ಇಳಿಸಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಆರಂಭಿಸಿದ, ಈಗ ಚೆನ್ನೈನ ಕೆವಿನ್‌ಕೇರ್ ಎಂದು ಹೆಸರಾದ ಸಂಸ್ಥೆ ಚಿಕ್ ಶಾಂಪೂವನ್ನು 50 ಪೈಸೆಯ ಸ್ಯಾಷೆಯಲ್ಲಿ ಹಳ್ಳಿಹಳ್ಳಿಗೆ ಮುಟ್ಟಿಸಿತು. ಸ್ಯಾಷೆ ಎಂಬುದು ಫ್ರೆಂಚಿನಲ್ಲಿ ಸಣ್ಣ ಚೀಲ, ಬಟ್ಟೆಪೆಟ್ಟಿಗೆಯಲ್ಲಿ ಇಡುವ ಸುಗಂಧದ ಪೊಟ್ಟಣ. ಇಲ್ಲಿ ಅದು ಒಂದು ತಲೆಸ್ನಾನದ ಅಳತೆಯಾಯಿತು.

ಬೆಂಗಳೂರಿನ ಬೈ ಟೂ ಕಾಫಿಯನ್ನೂ ಇದರ ಪಕ್ಕದಲ್ಲೇ ಇಡಬೇಕು. ಒಂದನ್ನು ಎರಡು ಮಾಡುವ ಈ ಇಂಗ್ಲಿಷ್ ಇಂಗ್ಲೆಂಡಿನಲ್ಲಿ ಯಾರಿಗೂ ಅರ್ಥವಾಗದು.

ಇಮ್ಮಡಿ, ನಯ, ನಿಷೇಧ

ಚೆದುರಿದ್ದನ್ನು ಹೇಳಲು ಇಂಗ್ಲಿಷ್ ಬೇರೆ ಪದ ಹುಡುಕುತ್ತದೆ. ದಕ್ಷಿಣದ ನುಡಿಗಳು ಇದ್ದ ಪದವನ್ನೇ ಎರಡು ಸಲ ಹೇಳುತ್ತವೆ. ಚೂರು ಎಂದರೆ ಒಂದು. ಚೂರುಚೂರು ಎಂದರೆ ಹಲವು, ಬೇರೆಬೇರೆಯಾಗಿ. ಹನಿಹನಿ, ತುಸುತುಸು, ಅಲ್ಲಲ್ಲಿ, ಆಗಾಗ, ಒಂದೊಂದು ಇವೆಲ್ಲ ಅದೇ ಜಾಡಿನವು. ಮದ್ರಾಸಿನವರ ಇಂಗ್ಲಿಷಿನಲ್ಲಿ ಕೇಳಿಬರುವ ಸ್ಮಾಲ್ ಸ್ಮಾಲ್ ಪೀಸಸ್, ಲಿಟಲ್ ಲಿಟಲ್ ಎಂಬ ಪ್ರಯೋಗಗಳನ್ನು ಶಾಲೆಯ ಮೇಷ್ಟರು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ಆದರೆ ಅವು ಬರೀ ತಪ್ಪಲ್ಲ. ಸಣ್ಣದು, ಹಲವು, ಬಿಡಿಬಿಡಿ ಎಂಬ ಮೂರು ಸಂಗತಿಗಳನ್ನು ಅವು ಒಟ್ಟಿಗೆ ಹೇಳುತ್ತವೆ. ಭಾರತದ ಬೇರೆಬೇರೆ ಕುಟುಂಬಗಳ ಭಾಷೆಗಳು ಇಂಥ ಲಕ್ಷಣಗಳನ್ನು ಹಂಚಿಕೊಂಡಿವೆ ಎಂಬುದನ್ನು ಎಂ. ಬಿ. ಎಮೆನೊ ಅವರು 1956ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಾದಿಸಿದರು. ಚೂರುಪಾರು, ಅರೆಕೊರೆ, ಅಲ್ಪಸ್ವಲ್ಪ ಎಂಬಲ್ಲಿ ಎರಡನೆಯ ಪದ ತುಸು ಬದಲಾಗಿ, ‘ಇಂಥವೇ ಇನ್ನೂ ಏನೇನೋ’ ಎಂಬ ಧ್ವನಿ ಬರುತ್ತದೆ.

ಸ್ವಲ್ಪ ಎಂಬುದು ಎಷ್ಟೋ ಸಲ ಪ್ರಮಾಣವೇ ಅಲ್ಲ. ‘ಸ್ವಲ್ಪ ಜರುಗಿ’, ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವವರು ಇಂತಿಷ್ಟು ಅಂಗುಲ ಎಂದು ಕೇಳುತ್ತಿಲ್ಲ. ಅದು ಬರೀ ನಯ. ಚೆನ್ನೈನ ‘ಕೊಂಜಂ ಅಡ್ಜಸ್ಟ್ ಪಣ್ಣುಂಗ’ ಕೂಡ ಅದೇ. ಇಂಗ್ಲಿಷಿನಲ್ಲಿ ‘ಎ ಲಿಟಲ್’ ಎಂದರೆ ಸ್ವಲ್ಪ ಇದೆ, ಬರೀ ‘ಲಿಟಲ್’ ಎಂದರೆ ಇಲ್ಲವೆಂಬಷ್ಟು ಕಡಿಮೆ. ಕನ್ನಡ ತಮಿಳುಗಳಲ್ಲಿ ಆ ಬಗೆಯ ಉಪಪದವಿಲ್ಲ. ಹೀಗಾಗಿ ಭರವಸೆ ಕೊಡಲು ಹೋಗಿ ನಿರಾಶೆ ಹುಟ್ಟಿಸುವ ವಾಕ್ಯಗಳು ನಮ್ಮವರ ಇಂಗ್ಲಿಷಿನಲ್ಲಿ ಸುಲಭವಾಗಿ ಬಂದುಬಿಡುತ್ತವೆ.

ಇಲ್ಲ ಎಂಬುದರ ಜತೆಗಷ್ಟೇ ಸಲೀಸಾಗಿ ಬರುವ ಪದಗಳು ಎರಡೂ ಕಡೆ ಇವೆ. ಅಯೋಟ, ವಿಟ್, ಶ್ರೆಡ್‌ಗಳಂತೆ ಎಳ್ಳಷ್ಟೂ, ಕಿಂಚಿತ್ತೂ, ಲವಲೇಶವೂ, ಚಿಕ್ಕಾಸೂ. ನಾಚಿಕೆ ಎಳ್ಳಷ್ಟೂ ಇಲ್ಲ ಎನ್ನಬಹುದು. ನಾಚಿಕೆ ಎಳ್ಳಷ್ಟೂ ಇದೆ ಎಂದರೆ ಕೇಳಿದವರು ನಗುತ್ತಾರೆ.

ಮಳೆಯ ಲೆಕ್ಕ

ಚೂರುಪಾರಿನ ಪದಗಳಿಗೆ ಸರ್ಕಾರಿ ಅಂಕಿ ಕಟ್ಟಿದ ಒಂದು ಕಚೇರಿ ಚೆನ್ನೈನ ನುಂಗಂಬಾಕ್ಕಂನಲ್ಲಿದೆ. ಭಾರತ ಹವಾಮಾನ ಇಲಾಖೆಯ ಈ ಪ್ರಾದೇಶಿಕ ಕೇಂದ್ರ ಇರುವುದು ಕಾಲೇಜ್ ರಸ್ತೆಯಲ್ಲಿ. ರಸ್ತೆಗೆ ಆ ಹೆಸರು ಬಂದದ್ದು ರೀವ್ ಅವರ ನಿಘಂಟು ಅಚ್ಚು ಹಾಕಿದ ಅದೇ ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನಿಂದ. ಇಲಾಖೆಯ ಭಾಷೆಯಲ್ಲಿ ಮಳೆ ಎಷ್ಟು ಬಿತ್ತು ಎಂಬುದು ಒಂದು ಪ್ರಶ್ನೆ, ಎಷ್ಟು ಕಡೆ ಬಿತ್ತು ಎಂಬುದು ಇನ್ನೊಂದು. ಒಂದು ಪ್ರದೇಶದ ಮಳೆಮಾಪಕ ಕೇಂದ್ರಗಳಲ್ಲಿ ಶೇ. 25ರವರೆಗೆ ಮಳೆಯಾದರೆ ಐಸೊಲೇಟೆಡ್, ಶೇ. 26ರಿಂದ 50 ಸ್ಕ್ಯಾಟರ್ಡ್, ಶೇ. 51ರಿಂದ 75 ಫೇರ್ಲಿ ವೈಡ್‌ಸ್ಪ್ರೆಡ್, ಅದರಾಚೆ ವೈಡ್‌ಸ್ಪ್ರೆಡ್. ಮಾಪಕದಲ್ಲಿ ಅಳೆಯಲಾಗದಷ್ಟು ಹನಿದರೆ ಟ್ರೇಸ್ ಎಂದು ಬರೆಯುತ್ತಾರೆ. 2.5 ಮಿಲಿಮೀಟರಾದರೂ ಬಿದ್ದರೆ ಮಾತ್ರ ಅದು ಮಳೆಯ ದಿನ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಬಂಗಾಳ ಕೊಲ್ಲಿಯ ಕಡೆಯಿಂದ ಬೀಸುವಾಗ ಚೆನ್ನೈನ ಜನ ಈ ಪದಗಳನ್ನು ದಿನವೂ ಓದುತ್ತಾರೆ. ಆಡುಮಾತಿನಲ್ಲಿ ಸ್ಕ್ಯಾಟರ್ಡ್ ಎಂದರೆ ಅಲ್ಲಲ್ಲಿ, ಅಷ್ಟೇ. ಇಲಾಖೆಯ ಕೈಯಲ್ಲಿ ಅದು ನಾಲ್ಕರಲ್ಲೊಂದಕ್ಕಿಂತ ಹೆಚ್ಚು, ಅರ್ಧ ಮೀರದ್ದು.

ಕನ್ನಡದ ಸುದ್ದಿಯಲ್ಲಿ ಐಸೊಲೇಟೆಡ್ ಮತ್ತು ಸ್ಕ್ಯಾಟರ್ಡ್ ಎರಡೂ ಎಷ್ಟೋ ಸಲ ‘ಅಲ್ಲಲ್ಲಿ ಮಳೆ’ ಎಂದಾಗಿಬಿಡುತ್ತವೆ. ಬಿತ್ತನೆಗೆ ಕಾದು ಕುಳಿತವನಿಗೆ ಎರಡರ ನಡುವೆ ಅಂತರ ದೊಡ್ಡದು. ಒಂದೆರಡು ಕಡೆ, ಕೆಲವು ಕಡೆ, ಹಲವು ಕಡೆ, ಬಹುತೇಕ ಎಲ್ಲ ಕಡೆ ಎಂಬ ನಾಲ್ಕು ಮಾತುಗಳು ಕನ್ನಡದಲ್ಲಿ ಸಿದ್ಧವಾಗಿವೆ, ಇಲಾಖೆಯ ನಾಲ್ಕು ಮೆಟ್ಟಿಲುಗಳಿಗೆ ಸರಿಹೊಂದುತ್ತವೆ. ಸುದ್ದಿ ಬರೆಯುವವರು ಅವನ್ನು ಅದೇ ಕ್ರಮದಲ್ಲಿ, ಒಂದರ ಜಾಗಕ್ಕೆ ಇನ್ನೊಂದನ್ನು ತರದೆ ಬಳಸಬೇಕು.